ಹನ್ನೊಂದು ಮೊಳೆಗಳ ಮನೆ

ಗೋಡೆಗಳಲ್ಲಿ ಹನ್ನೊಂದು ಮೊಳೆ.
ಯಾರು ಹೊಡೆದರೋ, ಏನು ತೂಗಿಸಿದ್ದರೋ,
ಒಂದೊಂದರ ಕೆಳಗೂ ಬಣ್ಣ ಮಾಸದೆ ಉಳಿದ ಗುರುತು:
ಚೌಕ, ಉದ್ದನೆಯದು, ಬಾಗಿಲ ಪಕ್ಕ ಒಂದು
ಗಡಿಯಾರದ್ದಿರಬೇಕು, ದುಂಡಗೆ.
ನನ್ನ ಹತ್ತಿರ ಇರುವುದು ಒಂದೇ ಕ್ಯಾಲೆಂಡರು,
ಅದೂ ನಂಜನಗೂಡಿನ ಬಟ್ಟೆ ಅಂಗಡಿಯದು.

ಲಾರಿ ಒಂದು ದಿನ ತಡವಾಗಿ ಬಂತು.
ಕುಕ್ಕರ್ ಬಂತು, ಅದರ ವಿಷಲ್ ಬರಲಿಲ್ಲ.
ಮುದ್ದೆ ಕೋಲು ಬಂತು. ಮಂಚದ ಒಂದು ಬೋಲ್ಟು
ರಾಣೆಬೆನ್ನೂರಿನ ಹತ್ತಿರ ಎಲ್ಲೋ ಇಳಿದುಕೊಂಡಿತ್ತು.
ವಾಚ್‌ಮನ್ ದಾವಲಸಾಬ ಮಂಚ ಅಲ್ಲಾಡಿಸಿ ನೋಡಿ
'ಅಡ್ಡಿಯಿಲ್ರಿ' ಎಂದ.
ಅಡ್ಡಿಯ ಮಾತು ಈಗ ಯಾಕೆ ಬಂತು ಎಂದು
ಮಲಗಿ ಯೋಚಿಸಿದೆ, ಎಡಕ್ಕೆ ಹೊರಳದಂತೆ.

ಕೆಲಸದಲ್ಲಿ ಅಷ್ಟು ತೊಂದರೆಯಿಲ್ಲ.
ರೈಲ್ವೆಯ ಲೆಡ್ಜರು ಎಲ್ಲಿ ಬಿಚ್ಚಿದರೂ ರೈಲ್ವೆಯದೇ;
ಮೈಸೂರಿನ ಧೂಳಿಗೂ ಹುಬ್ಬಳ್ಳಿಯ ಧೂಳಿಗೂ
ಸೀನು ಬೇರೆ, ಮೊತ್ತ ಒಂದೇ.
ಸಂಜೆ ಕಷ್ಟ.
ಸಂಜೆ ಕೇಶ್ವಾಪುರದ ಈ ಮೂರನೇ ಮಹಡಿಯಲ್ಲಿ
ಕೀ ಹಿಡಿದ ಕೈ ತಾನಾಗಿ ಬಲಕ್ಕೆ ತಿರುಗುತ್ತದೆ.
ಈ ಬೀಗ ಎಡಕ್ಕೆ ತೆರೆಯುವುದು.
ಇಪ್ಪತ್ತೆರಡು ವರ್ಷ ಒಂದೇ ಬಾಗಿಲು ತೆರೆದ ಕೈ,
ಅದಕ್ಕೆ ವರ್ಗಾವಣೆಯ ಆದೇಶ ಇನ್ನೂ ತಲುಪಿಲ್ಲ.

ಬೆಳಗಿನ ಜಾವ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು.
ಮೊದಲ ದಿನ, ಯಾರೋ ಮಗುವಿಗೆ ಹೊಡೆಯುತ್ತಿದ್ದಾರೆಂದು
ಎದ್ದು ಕೂತೆ.
ಎರಡನೆಯ ದಿನ ಎಣಿಸಿದೆ: ಹದಿನಾಲ್ಕು.
ಅಷ್ಟು ರೊಟ್ಟಿ ಉಣ್ಣುವ ಮನೆಯ ಬಾಗಿಲಲ್ಲಿ
ಚಪ್ಪಲಿ ಮಾತ್ರ ಎರಡು ಜೊತೆ.

ಐದನೆಯ ರಾತ್ರಿ, ಎರಡೂವರೆಗೆ, ಬಾಗಿಲು ಬಡಿದರು.
ನಮ್ಮ ಕಡೆ ಆ ಹೊತ್ತಿಗೆ ಬಾಗಿಲು ಬಡಿಯುವುದು
ಸಾವಿನ ಸುದ್ದಿ ಮಾತ್ರ.
ತೆರೆದರೆ, ಸೀರೆ ಎತ್ತಿ ಸಿಕ್ಕಿಸಿದ ಹೆಂಗಸು:
'ನಳಾ ಬಂತ್ರೀ! ಲಗೂನ ಏಳ್ರಿ,
ಇನ್ನ ಎಂಟು ದಿನ ಬರೂದಿಲ್ಲ!'

ಸಂಪು ಬಿರುಕು ಬಿಟ್ಟು ಎರಡು ವರ್ಷವಂತೆ.
ಕೆಳಗಿನ ನಲ್ಲಿಗೆ ಪಂಪು, ಪಂಪಿಗೆ ಪೈಪು,
ಪೈಪು ಹಸಿರು ಹಾವಿನಂತೆ ಮೆಟ್ಟಿಲು ಹತ್ತಿ ಬಂದಿತ್ತು.
ನನ್ನಲ್ಲಿ ಎರಡು ಬಕೆಟ್ಟು, ಒಂದು ಬಿಂದಿಗೆ.
'ಇಷ್ಟ ಏನು?' ಎಂದು ಕಸ್ತೂರೆವ್ವ ಒಳಗೇ ಬಂದು
ನಾಳೆ ನಾಳೆ ಎಂದು ನಾನು ಬಿಚ್ಚದೆ ಇಟ್ಟಿದ್ದ
ಪೆಟ್ಟಿಗೆಗಳ ಹಗ್ಗ ಹರಿದಳು.
ಇಡ್ಲಿ ಪಾತ್ರೆ, ಮುದ್ದೆ ಪಾತ್ರೆ, ವಿಷಲಿಲ್ಲದ ಕುಕ್ಕರ್,
ಅವ್ವನ ಹಿತ್ತಾಳೆ ಕೊಳಗ,
ಯಾರೋ ಮದುವೆಗೆ ಕೊಟ್ಟು ಒಮ್ಮೆಯೂ ಬಳಸದ
ಗಾಜಿನ ಜಗ್ಗು. ಎಲ್ಲ ತುಂಬಿದೆವು.

'ಹೆಸರೇನ್ರಿ?'
'ದೇವೀರಮ್ಮ.'
'ಗಟ್ಟಿ ಹಿಡೀರಿ ದೇವೀರವ್ವ, ಪೈಪ್ ಹೊಳ್ಳಾಕತ್ತೈತಿ.'
ನಮ್ಮಲ್ಲಿ ಅವ್ವ ಎಂದರೆ ಒಬ್ಬಳೇ,
ಅವಳು ಹೋಗಿ ಆರು ವರ್ಷ.
ತಿದ್ದಲಿಲ್ಲ. ಪೈಪು ಹಿಡಿದಿದ್ದೆ.

'ಹನ್ನೆರಡು ಖಾನಾವಳಿಗಿ ಹೊಕ್ಕಾವು, ಒಂದು ನನಗ'
ಎಂದಳು ರೊಟ್ಟಿಯ ಮಾತು ಬಂದಾಗ.
ಹದಿನಾಲ್ಕನೆಯದನ್ನು ಹೇಳಲಿಲ್ಲ.
ಆ ಎರಡನೆಯ ಜೊತೆ ಚಪ್ಪಲಿ ಗಂಡಸಿನದು,
ಮೇಲೆಲ್ಲ ಧೂಳು.
ನಾನೂ ಕೇಳಲಿಲ್ಲ.

ಐದಕ್ಕೆ ನೀರು ಬಿಕ್ಕಿ ಬಿಕ್ಕಿ ನಿಂತಿತು.
ಮನೆಯಲ್ಲಿ ಕಾಲಿಡಲು ಜಾಗವಿಲ್ಲ.
ದೂರದಲ್ಲಿ ಗೂಡ್ಸ್ ಗಾಡಿ ಹೋದಾಗ
ಪಾತ್ರೆ ಪಾತ್ರೆಯಲ್ಲೂ ಟ್ಯೂಬ್‌ಲೈಟು
ನಡುಗಿ, ಮತ್ತೆ ನೆಟ್ಟಗಾಯಿತು.

ಬೆಳಿಗ್ಗೆ ತಂಗಿಯ ಫೋನು.
'ಎಲ್ಲ ಸೆಟ್ಲಾಯ್ತಾ ಅಕ್ಕ?'
'ಅಡ್ಡಿಯಿಲ್ಲ' ಎಂದೆ.
'ಏನು ಅಡ್ಡಿ?' ಗಾಬರಿಯಾದಳು.

'ಇಲ್ಲೇ ಇರಲಿ ತಗೋರಿ, ಮುಂದಿನ ನೀರಿಗಿ ಬೇಕು'
ಎಂದು ಬಿಟ್ಟುಹೋದ ಪೈಪನ್ನು ಸುತ್ತಿ
ಬಾಗಿಲ ಪಕ್ಕದ ಮೊಳೆಗೆ ತೂಗಿಹಾಕಿದೆ.
ಗಡಿಯಾರದ್ದಲ್ಲ ಆ ಗುರುತು.
ತುದಿಯಿಂದ ಇನ್ನೂ ಹನಿ ಬೀಳುತ್ತಿತ್ತು;
ಕೆಳಗೊಂದು ಲೋಟ ಇಟ್ಟು
ಆಫೀಸಿಗೆ ಹೊರಟೆ.