ವಾಹನ ಇಲ್ಲ

ಕತ್ತಲಾದರೆ ದಿಂಬಂ ಘಾಟಿಗೆ ಬೀಗ.
ರಾತ್ರಿಯ ರಸ್ತೆ ಚಿರತೆಯದು, ಕಡವೆಯದು.
ಕೋರ್ಟು ಹೇಳಿದ್ದು ಸರಿಯೇ, ನಾನೂ ಒಪ್ಪಿದವನೇ;
ಚಕ್ರಕ್ಕೆ ಸಿಕ್ಕ ಮರಿಗಳನ್ನು
ಇದೇ ಕೈಯಲ್ಲಿ ಗೋಣಿಗೆ ತುಂಬಿದ್ದೇನೆ.

ಹನ್ನೊಂದೂವರೆಗೆ ತಾಳವಾಡಿ ಕಡೆಯಿಂದ ಕೋಸಿನ ಟೆಂಪೊ.
ಮೂಟೆಗಳ ನಡುವೆ ಹುಡುಗಿಯಂಥ ಹೆಂಗಸು,
ಸೆರಗು ಹಲ್ಲಿಗೆ ಕಚ್ಚಿ.
ಆಂಬುಲೆನ್ಸ್ ಆದರೆ ಬಿಡಬಹುದು, ಅಂದೆ.
"ಬರ್ನಿಲ್ವಲ್ಲ ಬುದ್ಧೀ, ಕರದು ಕರದು ಸಾಕಾಯ್ತು"
ಅಂದಳು ಅತ್ತೆ ಕೇತಮ್ಮ,
ನಮ್ಮವ್ವ ಆಡುವ ಕನ್ನಡದಲ್ಲಿ.

ಕಂಬಿ ಎತ್ತಿದೆ.
ರಿಜಿಸ್ಟರಿನಲ್ಲಿ, ತಮಿಳಲ್ಲಿ, ದುಂಡಗೆ ಬರೆದೆ:
ವಾಹನ ಇಲ್ಲ.

ಬೆಳಿಗ್ಗೆ ಎರಡು ಸುದ್ದಿ ಒಟ್ಟಿಗೇ ಘಾಟಿ ಹತ್ತಿದವು:
ಸತ್ಯಮಂಗಲದಲ್ಲಿ ಹೆಣ್ಣು ಮಗು, ತಾಯಿ ಕ್ಷೇಮ;
ಒಂಬತ್ತನೇ ತಿರುವಿನಲ್ಲಿ ಕಡವೆ, ಗಬ್ಬದ್ದು.
ರಿಜಿಸ್ಟರಿನ ಪ್ರಕಾರ
ಅದನ್ನು ಯಾರೂ ಕೊಂದಿಲ್ಲ.

ಟೆಂಪೊದವನು ಕೊಟ್ಟ ಕಲ್ಲುಸಕ್ಕರೆ
ಇನ್ನೂ ದವಡೆಯಲ್ಲಿತ್ತು, ಗೋಣಿ ಹಿಡಿದು ಇಳಿಯುವಾಗ.
ಉಗುಳಲೂ ಇಲ್ಲ, ಜಗಿಯಲೂ ಇಲ್ಲ.

ತಪ್ಪು ಮಾಡಿದೆನೆ? ನಾಳೆ ಅವಳೇ ಬಂದರೂ
ನಾಳೆಯೂ ಎತ್ತುತ್ತೇನೆ, ಅಷ್ಟು ಗೊತ್ತು.
ಸಾಹೇಬರು ಕೇಳಿದರೆ ಹೇಳಿಯೇಬಿಡುತ್ತೇನೆ
(ಕೇಳಿಲ್ಲ. ಹೇಳಿಲ್ಲ.)

ಕೊರೆಯುವುದು ಅದಲ್ಲ.
ಹೋದ ಪೊಂಗಲ್ ಹೊತ್ತಿಗೆ ಒಬ್ಬ
ಇದೇ ಕಂಬಿ ಹಿಡಿದು ಅತ್ತಿದ್ದ, ಕಾರಿನಲ್ಲಿ ಅಪ್ಪ,
ಎದೆನೋವು, ಬಿಡಿ ಸಾರ್ ಎಂದು,
ತಮಿಳಲ್ಲಿ.

ಅವತ್ತು ನನಗೆ
ಕಾನೂನು ಪೂರ್ತಿ ಬಾಯಿಪಾಠವಿತ್ತು.