ಹಳದಿ ದಾರ

ಮೊದಲ ದಿನ ಅದನ್ನು ಕೊರಳಿಗೆ ಹಾಕಿಕೊಂಡು ಮರಳುವಾಗ
ಬೆಂಗ್ರೆಯ ದೋಣಿಯಲ್ಲಿ ಖಾಲಿ ಬುಟ್ಟಿಯ ಗುಲಾಬಿಯಕ್ಕ ಕಣ್ಣರಳಿಸಿದಳು:
"ಯಾರು ಕಟ್ಟಿದ್ದು ಮಾರಾಯ್ತಿ, ನಮಗೊಂದು ಊಟವೂ ಹಾಕದೆ?"
ದೋಣಿಯಿಡೀ ನಕ್ಕಿತು. ನಾನೂ.
ಕಂಪನಿ ಕಟ್ಟಿದ್ದು ಅಕ್ಕ,
ಒಂದು ವರ್ಷದ ಮಟ್ಟಿಗೆ.

ಖಾಯಂ ಆದವರಿಗೆ ನೀಲಿ, ಕಲಿಯಲು ಬಂದವರಿಗೆ ಹಳದಿ.
ನೀಲಿ ಕಂಡರೆ ಬಾಗಿಲು ತಾನೇ ತೆರೆಯುತ್ತದೆ.
ಹಳದಿ ನಿಲ್ಲಬೇಕು, ರಿಜಿಸ್ಟರು ತುಂಬಬೇಕು.
'ಯಾರನ್ನು ನೋಡಬೇಕು?' ಎಂಬಲ್ಲಿ ವರ್ಷವಿಡೀ ಬರೆದೆ:
ಯಾರನ್ನೂ ಅಲ್ಲ. ಕೆಲಸ.

ಹಂಪನಕಟ್ಟೆಯ ಐದನೆಯ ಮಹಡಿ.
ಗೋಡಂಬಿ ಹೊತ್ತ ಕಂಟೇನರುಗಳ ನಂಬರು ಟೈಪಿಸಿದೆ,
ನಾಲ್ಕು ಅಕ್ಷರ, ಏಳು ಅಂಕೆ, ಮೇಲೊಂದು ಸೀಲು.
ಒಂದು ಬೀಜದ ಮುಖವನ್ನೂ ಕಾಣಲಿಲ್ಲ.
ರಾಟರ್‌ಡ್ಯಾಮು, ಜೆಬೆಲ್ ಅಲಿ ಬೆರಳಿಗೆ ಬಾಯಿಪಾಠ;
ನಾನು ದಾಟಿದ್ದು ಅದೇ ಹೊಳೆ, ದಿನಕ್ಕೆರಡು ಸಲ.

ಅಪ್ಪ ಕೇಳಿದರು, ಏನು ಕೆಲಸ?
ಪೆಟ್ಟಿಗೆ ಎಣಿಸುವುದು, ಅಂದೆ.
"ನಾವೂ ಧಕ್ಕೆಯಲ್ಲಿ ಪೆಟ್ಟಿಗೆ ಎಣಿಸಿದವರೇ,
ಐಸಿನೆಡೆಯಿಂದ ಮೀನಿನ ಕಣ್ಣಾದರೂ ಕಾಣುತ್ತಿತ್ತು."

ಪ್ಯಾಂಟ್ರಿಯ ಮೈಕ್ರೋವೇವಿನ ಮೇಲೊಂದು ಚೀಟಿ:
ದಯವಿಟ್ಟು ಮೀನು ಬಿಸಿ ಮಾಡಬೇಡಿ.
ಮಂಗಳೂರಿನಲ್ಲಿ! ಕಿಟಕಿಯಲ್ಲಿ ನಮ್ಮ ಬೆಂಗ್ರೆಯೇ ಕಾಣುತ್ತಿರುವಾಗ!
ತಣ್ಣಗಿನ ಬೂತಾಯಿ ಪುಳಿಮುಂಚಿ ಹಿಡಿದು
ನಾಲ್ಕು ಮತ್ತು ಐದನೆಯ ಮಹಡಿಗಳ ನಡುವಿನ ಮೆಟ್ಟಿಲಿಗೆ ಹೋದರೆ
ಅಲ್ಲಿ ವಿಲ್ಮಾ ಮೇಡಂ, ನೀಲಿ ದಾರ ಹೆಗಲ ಹಿಂದೆ ಎಸೆದು,
ಮುಳ್ಳು ಬಿಡಿಸುತ್ತಿದ್ದರು.
"ಹದಿನಾರು ವರ್ಷದಿಂದ ಇಲ್ಲೇ," ಅಂದರು, ಜರುಗಿ ಕೂತರು.

ಭಾಷೆ ಕಲಿತೆ. ಇಂಗ್ಲಿಷ್ ಅಲ್ಲ, ಅದರೊಳಗಿನದ್ದು.
'ನೋಡೋಣ' ಅಂದರೆ ಇಲ್ಲ.
'ನಾವೆಲ್ಲ ಸೇರಿ' ಅಂದರೆ ನೀನೊಬ್ಬಳೇ, ಇವತ್ತು ರಾತ್ರಿಯೊಳಗೆ,
ಕೊನೆಯ ದೋಣಿ ಹೋದರೂ ಸರಿ.

ಏಳನೆಯ ತಿಂಗಳು, ಆರರ ಜಾಗದಲ್ಲಿ ಒಂಬತ್ತು ಒತ್ತಿದೆ.
ಅಷ್ಟೇ. ತಲೆಕೆಳಗಾದ ಒಂದು ಅಂಕೆ.
ಪಣಂಬೂರಿನಲ್ಲಿ ಪೆಟ್ಟಿಗೆ ನಾಲ್ಕು ದಿನ ಬಿಸಿಲು ಕಾಯಿತು,
ಹಡಗು ಕಾಯಲಿಲ್ಲ.
ದಂಡದ ಮೊತ್ತ ನನ್ನ ವರ್ಷದ ಸ್ಟೈಪೆಂಡಿಗಿಂತ ಹೆಚ್ಚು.
ಗಾಜಿನ ಕೋಣೆಯಲ್ಲಿ ಭಂಡಾರ್ಕರ್ ಸರ್ ಯಾರೆಂದು ಕೇಳಿದಾಗ
ವಿಲ್ಮಾ ಮೇಡಂ ಪೆನ್ನಿನ ಮುಚ್ಚಳ ಹಾಕಿದರು:
"ಟೈಪಿಸಿದ್ದು ಧನ್ಯಶ್ರೀ. ನೋಡಿ ಸಹಿ ಹಾಕಿದ್ದು ನಾನು."
ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ.
ಎರಡು ದಿನ ಮೆಟ್ಟಿಲ ಮೇಲೆ ನನ್ನೊಡನೆ ಮಾತಿಲ್ಲ.
ಮೂರನೆಯ ದಿನ ನನ್ನ ಡಬ್ಬಿಯ ಮುಚ್ಚಳದಲ್ಲಿ
ಒಂದು ಸನ್ನಣ ಬಂದು ಕೂತಿತು,
ಅವರು ಬೇರೆ ಕಡೆ ನೋಡುತ್ತಿದ್ದರು.

ಕಾಲೇಜಿಗೆ ನಲವತ್ತು ಪುಟದ ವರದಿ ಕೊಟ್ಟೆ.
ಅದರಲ್ಲಿ ಮೆಟ್ಟಿಲು ಇಲ್ಲ.

ಕೊನೆಯ ದಿನ ಎಚ್ಚಾರಿನ ಹುಡುಗ ಕೈ ಚಾಚಿದ.
ಡ್ರಾಯರು ಎಳೆದರೆ ಒಳಗೆ ಹಳದಿಯೋ ಹಳದಿ,
ನನಗಿಂತ ಮೊದಲಿನವರದ್ದು, ಗಂಟುಬಿದ್ದ ಬಲೆಯ ಹಾಗೆ.
ಬಲೆ ಬಿಡಿಸುವವರ ಮನೆಯ ಬೆರಳು, ತುರಿಸಿತು.
ಅಲ್ಲೇ ಕೂತು ಒಂದೊಂದೇ ಎಳೆ ಬಿಡಿಸೋಣವೆಂದು.
"ಆಯ್ತು, ಆಲ್ ದ ಬೆಸ್ಟ್," ಅಂದು ಅವನು ಡ್ರಾಯರು ತಳ್ಳಿದ.
ಇಳಿಯುವಾಗ ಲಿಫ್ಟು ಬಿಟ್ಟು ಮೆಟ್ಟಿಲಲ್ಲೇ ಬಂದೆ.
ವಿಲ್ಮಾ ಮೇಡಂ ರಜೆಯಲ್ಲಿದ್ದರು.

ದೋಣಿ ನಡುಹೊಳೆಗೆ ಬಂದಾಗ ಹಸನಬ್ಬ ಕೈ ನೀಡಿದರು.
ವರ್ಷವಿಡೀ ಕಾರ್ಡಿನ ಹಿಂದೆ, ನನ್ನ ಫೋಟೋದ ಬೆನ್ನಿಗೆ
ನಾಲ್ಕು ಮಡಿಕೆಯ ಹತ್ತರ ನೋಟು ಇಟ್ಟೇ ರೂಢಿ.
ಕೈ ಕೊರಳಿಗೆ ಹೋಯಿತು.
ಅಲ್ಲಿ ಕೊರಳು ಮಾತ್ರ ಇತ್ತು.

"ಎಲ್ಲೆ ಕೊರ್ಲ," ಅಂದರು ಹಸನಬ್ಬ, ನಾಳೆ ಕೊಡು ಎಂದು,
ಮುಂದಿನವರ ಕಡೆ ತಿರುಗುತ್ತ.