ಎರಡೂವರೆ ಕಿಲೋ

ತುಮಕೂರಿನ ಗಡಿಯಾರದ ಕಾರ್ಖಾನೆ ಬಾಗಿಲು ಹಾಕಿದ ವರ್ಷ
ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಒಂದನ್ನೇ ಜೇಬಿಗಿಳಿಸಿ
ಮುಸಫ್ಫಾಕ್ಕೆ ಬಂದೆ.
ಹೊರಗೆ ನಲವತ್ತೇಳು ಡಿಗ್ರಿ, ಶೆಡ್ಡಿನೊಳಗೆ ಇಪ್ಪತ್ತು.
ನಮಗಲ್ಲ ಆ ತಂಪು. ಉಕ್ಕು ಹಿಗ್ಗಬಾರದು,
ಅಳತೆ ಬೆವರಬಾರದು.

ಸ್ಪ್ರಿಂಗ್ ಗೊತ್ತೇ? ಎಂದರು ಆಸ್ಟ್ರಿಯಾದ ಲೀನ್‌ಹಾರ್ಟ್.
ಗೊತ್ತು ಅಂದೆ. ಇಪ್ಪತ್ತೆರಡು ವರ್ಷ
ಹೊತ್ತನ್ನು ಚೂರು ಚೂರೇ ಬಿಟ್ಟುಕೊಡುವ
ಸುರುಳಿ ಸುತ್ತಿದವನು.
ಇದು ಹಾಗಲ್ಲ, ರುದ್ರಮುನಿ.
ಇದು ಎಲ್ಲವನ್ನೂ ಒಮ್ಮೆಗೇ ಬಿಡಬೇಕು,
ಇಲ್ಲ, ಬಿಡಲೇಬಾರದು.

ಬಿಡಬಾರದು ಅನ್ನುವುದನ್ನು ಕಲಿಸಲಿಕ್ಕೇ ಹಿಡಿಯಿತು ನಾಲ್ಕು ವರ್ಷ.
ಮೂತಿ ಕೆಳಗಾಗಿ, ಹಿಡಿ ಕೆಳಗಾಗಿ, ಎಡಮಗ್ಗುಲು, ಬಲಮಗ್ಗುಲು,
ಎದೆಯೆತ್ತರದಿಂದ ಕಾಂಕ್ರೀಟಿಗೆ
ಬೀಳಿಸಿ ಬೀಳಿಸಿ ಕಿವಿಗೊಟ್ಟೆವು.
ಹತ್ತೊಂಬತ್ತನೇ ಮಾದರಿ ಟಪ್ ಎಂದಿತು.
ಗುಂಡಿರಲಿಲ್ಲ, ಬರೀ ಕೇಪು, ದೀಪಾವಳಿಯ ಮಕ್ಕಳದಷ್ಟೇ ಸದ್ದು.
ಲೀನ್‌ಹಾರ್ಟ್ ಅವತ್ತು ಊಟಕ್ಕೆ ಏಳಲಿಲ್ಲ.

ಮರಳಿನ ಉಸಾಬರಿ ಉಳ್ಳಾಲದ ಇದಿನಬ್ಬನದು.
ಲಿವಾದ ಕೆಂಪು ಮರಳನ್ನು
ಪತ್ತಿರಿಯ ಹಿಟ್ಟಿನಂತೆ ಜರಡಿ ಹಿಡಿದು
ಗಾಜಿನ ಪೆಟ್ಟಿಗೆಯಲ್ಲಿ ಬಿರುಗಾಳಿ ಎಬ್ಬಿಸುವನು.
ಪಿಸ್ತೂಲು ಮದುವೆಮನೆಯಲ್ಲಿ ಮುನಿದ ಭಾವನಂತೆ
ಉಗಿಯಬೇಕಾದ ಚಿಪ್ಪನ್ನು ಹಲ್ಲಲ್ಲೇ ಕಚ್ಚಿ ಕೂರುವುದು.
ಮರಳನ್ನು ತಡೆಯುವ ಹಟ ಬಿಟ್ಟೆವು ಕೊನೆಗೆ,
ಸ್ಲೈಡಿನೊಳಗೆ ಅದಕ್ಕೆಂದೇ ಒಂದು ಕಾಲುವೆ ತೋಡಿದೆವು.
ಅದರ ಊರು ಇದು. ಹೋಗಲಿ ತನ್ನ ದಾರಿಗೆ.

ಆಮೇಲೆ ಬಂದಳು ಸಾರ್ಜೆಂಟ್ ಮೌಝಾ.
ಹೆಬ್ಬೆರಳು ಬಟನ್ನಿಗೆ ಮುಟ್ಟಲಿಲ್ಲ.
ಯಾರ ಕೈ ನೋಡಿ ಮಾಡಿದ್ದು ಇದನ್ನು?
ಮೇಜಿನ ಸುತ್ತ ಇದ್ದ ಒಂಬತ್ತು ಗಂಡಸರು
ತಂತಮ್ಮ ಕೈ ನೋಡಿಕೊಂಡೆವು.
ಅವಳ ಮುಷ್ಟಿಯನ್ನು ಜೇಡಿಯಲ್ಲಿ ಒತ್ತಿಸಿಕೊಂಡು
ಹಿಡಿಯ ಬೆನ್ನು ಮತ್ತೆ ಕೆತ್ತಿದೆ.
ಬೆರಳ ಗೆರೆಗಳು ಎರಡು ದಿನ ಒಣಗದೆ ಹಾಗೇ ಇದ್ದವು.

ಉಳಿದದ್ದು ಟ್ರಿಗರು. ನಮ್ಮಜ್ಜ ಕುದುರೆ ಎನ್ನುತ್ತಿದ್ದ.
ಎಷ್ಟು ಎಳೆದರೆ ಕುದುರೆ ಓಡಬೇಕು?
ಹಗುರ ಇರಲಿ, ಎಂದ ಒಬ್ಬ ಕರ್ನಲ್, ಸಾಯುವವನಿಗೆ ಪುರುಸೊತ್ತಿಲ್ಲ.
ಭಾರ ಇರಲಿ, ಎಂದಳು ಮೌಝಾ,
ಹೆದರಿದ ಬೆರಳು ನನಗಿಂತ ಮೊದಲು ಯೋಚಿಸುತ್ತದೆ.
ಎಲ್ಲರೂ ನನ್ನ ಕಡೆ ತಿರುಗಿದರು, ಸ್ಪ್ರಿಂಗಿನವನ ಕಡೆ.
ನಾಳೆ ಹೇಳುತ್ತೇನೆ ಅಂದೆ.

ರಾತ್ರಿ ಬಕಾಲದಲ್ಲಿ ಈರುಳ್ಳಿ ತೂಗಿಸಿದೆ.
ಒಂದೂವರೆ. ಎರಡು. ಒಂದೊಂದನ್ನೂ ತೋರುಬೆರಳಿಗೆ ನೇತುಹಾಕಿ ನಿಂತೆ.
ಮಲಯಾಳಿ ಅಂಗಡಿಯವ ನನ್ನನ್ನು ನೋಡಿ
ಗಲ್ಲಾಪೆಟ್ಟಿಗೆ ಸ್ವಲ್ಪ ತನ್ನ ಕಡೆ ಎಳೆದುಕೊಂಡ.
ಎರಡೂವರೆಗೆ ಬೆರಳು ಯಾಕೆ ಎಂದು ಕೇಳಿತು.
ಅದನ್ನೇ ಕಟ್ಟಿಸಿಕೊಂಡು ಬಂದೆ.
ಒಂದು ವಾರ ಈರುಳ್ಳಿ ಗೊಜ್ಜು.

ಈಗ ಮೀಸೆಯೂ ಬೆಳ್ಳಗಾಗಿದೆ.
ಮೊನ್ನೆ ರಾತ್ರಿ ಹತ್ತರ ಮೇಲೆ, ಕೈಯಲ್ಲಿ ಚೀಲ,
ಕ್ಯಾಂಪಿನ ದಾರಿಯಲ್ಲಿ ಟಾರ್ಚು ಮುಖಕ್ಕೆ ಬಿತ್ತು.
ನಿಲ್ಲು. ಕಾರ್ಡ್ ತೆಗೆ.
ಮೀಸೆ ಚಿಗುರದ ಹುಡುಗ, ಹೊಸ ಸಮವಸ್ತ್ರ,
ಸೊಂಟದಲ್ಲಿ ನಮ್ಮದು. ಹಿಡಿಯ ಬೆನ್ನಿಂದಲೇ ಗುರುತು ಸಿಕ್ಕಿತು.
ಜೇಬಿಗೆ ಕೈ ಹಾಕಿದೆ. ಕೊಂಚ ಜೋರಾಗಿಯೇ ಹಾಕಿದೆನೇನೋ,
ಅವನ ಕೈ ಸೊಂಟಕ್ಕೆ ಹೋಯಿತು.

ಆಗ ನೆನಪಾದದ್ದು ದೇವರಲ್ಲ, ಮನೆಯಲ್ಲ.
ನಲವತ್ತೊಂದನೇ ನಂಬರಿನ ಸ್ಪ್ರಿಂಗ್.
ಆರು ಸುತ್ತು. ಸುತ್ತಿದ್ದು ನಾನೇ.

ಕಾರ್ಡು ಹೊರಬಂತು. ತಿರುಗಿಸಿ ನೋಡಿದ, ಕೊಟ್ಟ.
ರೂಹ್, ಎಂದ.

ಹೋಗು ಅಂತ ಅರ್ಥ. ಪ್ರಾಣಕ್ಕೂ ಅವರಲ್ಲಿ
ಅದೇ ಮಾತು, ಎಂದೋ ಇದಿನಬ್ಬ ಹೇಳಿದ್ದ.
ಹೋದೆ.
ರೂಮಿಗೆ ಬಂದು ದೀಪ ಹಾಕಿ ನೋಡುತ್ತೇನೆ,
ಚೀಲದ ದಾರ ತೋರುಬೆರಳಲ್ಲಿ
ಕೆಂಪಗೆ ಬರೆ ಎಳೆದಿದೆ.